ಕೊಹೀರಿನ ತೋಟಕ್ಕೆ ಮೌನದ ಮುಚ್ಚಳಿಕೆ

ನಾನೂ ಪರದೇಶದಲ್ಲಿ ಓದಿದವನೇ. ಹಡಗು ಹತ್ತಲಿಲ್ಲ, ಅಷ್ಟೇ. ಸೋಲಾಪುರದ ಕಡೆಯ ನಮ್ಮೂರು ಇಂಗ್ರೇಜರ ಇಲಾಖೆ, ಸೋದರಮಾವ ಇದ್ದ ಜಹೀರಾಬಾದ್ ನಿಜಾಮರ ರಾಜ್ಯ. ನಡುವೆ ಒಂದು ಸುಂಕದ ಕಟ್ಟೆ. ಅಲ್ಲಿಯವರು ನನ್ನ ಗಂಟು ಬಿಚ್ಚಿ, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮೂಸಿ, ಎರಡು ತಿಂದು, ಅದರಲ್ಲಿ ರಾಜದ್ರೋಹ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಒಳಗೆ ಬಿಡುತ್ತಿದ್ದರು. ಉರ್ದು ಕಲಿತರೆ ಮಗ ತಹಶೀಲ್ದಾರನಾಗುತ್ತಾನೆಂದು ಅಪ್ಪ ನಂಬಿದ್ದರು. ಮಗನಿಗೆ ಅಲಿಫ್ ಯಾವುದು, ಬೇ ಯಾವುದು ಎಂಬುದೂ ಗೊತ್ತಿರಲಿಲ್ಲ.

ಅದನ್ನು ಕಲಿಸಿದವನು ನನ್ನ ಗೆಳೆಯ. ಊರಾಚೆಯ ಕೇರಿಯ ಹುಡುಗ, ತರಗತಿಯಲ್ಲಿ ಎಲ್ಲರಿಗಿಂತ ಚುರುಕು, ಕೂರುತ್ತಿದ್ದದ್ದು ಮಾತ್ರ ಎಲ್ಲರಿಗಿಂತ ಹಿಂದೆ. ಶಾಲೆಯ ಹಿಂದಿನ ಬೇವಿನ ಬುಡದಲ್ಲಿ ನನ್ನ ಬೆರಳು ಹಿಡಿದು ಮಣ್ಣಿನ ಮೇಲೆ ಅಕ್ಷರ ತಿದ್ದಿಸಿದ. ಸಂಬಳವೆಂದರೆ ನನ್ನ ಬುತ್ತಿಯ ಅರ್ಧ ಬೆಲ್ಲ. ಅಂಗಿಯ ಚುಂಗಿನಲ್ಲಿ ಬೆಲ್ಲ ಸುತ್ತಿ ಕಚ್ಚಿ ಅರ್ಧ ಮಾಡುತ್ತಿದ್ದೆವು. ನಡುವೆ ಬಟ್ಟೆಯಿದ್ದರೆ ಅದು ಗುಬ್ಬಿ ಎಂಜಲು, ಮೈಲಿಗೆಯಲ್ಲ. ಇದು ಹುಡುಗರ ಕಾನೂನು.

ಮಾವನ ಮನೆಯಲ್ಲಿ ದೊಡ್ಡವರ ಕಾನೂನಿತ್ತು. ದಿನಾ ಮುಂಜಾನೆ ಲಿಂಗಪೂಜೆಗೆ ಕೂತು ಕುಲಗಿಲ ಎಲ್ಲ ಸುಳ್ಳೆಂದು ಇಂಪಾಗಿ ಹಾಡುತ್ತಿದ್ದ ನಮ್ಮ ಅತ್ತೆ, ಅವನು ಒಮ್ಮೆ ಬಾಗಿಲಿಗೆ ಬಂದು ನೀರು ಕೇಳಿದಾಗ ಹೊಸ್ತಿಲ ಒಳಗೇ ನಿಂತು, ಅವನ ಬೊಗಸೆಗೆ ಮೇಲಿನಿಂದ ಸುರಿದಳು. ನಾನು ಪಡಸಾಲೆಯಲ್ಲಿ ಹಿತ್ತಾಳೆ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಪುಸ್ತಕ ಓದುತ್ತಿದ್ದೆ. ಅವನು ನನ್ನತ್ತ ನೋಡಿದ. ನಾನು ಪುಟ ತಿರುವಿದೆ. ಬೊಗಸೆಯ ನೀರು ಚೆಲ್ಲಿ ಹೋದವನು ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಸಂಕ್ರಾಂತಿ ಕಳೆದಿತ್ತು. ಪರೀಕ್ಷೆ ಮುಗಿದರೆ ನಾನು ಗಡಿ ದಾಟಿ ಊರಿಗೆ, ಮತ್ತೆ ಇತ್ತ ಬರುವ ಮಾತಿಲ್ಲ. ಅಷ್ಟರೊಳಗೆ ಅವನ ಹತ್ತಿರ ತಪ್ಪಾಯಿತೆನ್ನಬೇಕಿತ್ತು. ಉರ್ದು ಕಲಿಸುವ ನಮ್ಮ ಮುದಿ ಉಸ್ತಾದರು ನಮ್ಮಿಬ್ಬರನ್ನೂ ಸೇರಿಸಿ ಕಡೆಯ ವರ್ಷದ ಆರು ಹುಡುಗರನ್ನು ಕೊಹೀರಿನ ಜಾಮದ ತೋಟಕ್ಕೆ ಕರೆದೊಯ್ಯುತ್ತೇನೆಂದಾಗ ನನ್ನ ಎದೆ ಹಗುರಾಯಿತು. ನಮ್ಮ ಕಡೆಯ ಪೇರಲ ಹಣ್ಣೇ ಇಲ್ಲಿ ಜಾಮ.

ಆದರೆ ಆ ದಿನಗಳಲ್ಲಿ ನಾಲ್ಕು ಜನ ಒಂದು ಮರದ ಕೆಳಗೆ ಕೂತರೆ ಸರ್ಕಾರಕ್ಕೆ ಅದು ಸಭೆ. ಸಭೆಗೆ ಪರವಾನಗಿ ಬೇಕು, ಪರವಾನಗಿಗೆ ಅರ್ಜಿ ಬೇಕು, ಅರ್ಜಿಯಲ್ಲಿ ಅಲ್ಲಿ ಆಡುವ ಮಾತಿನ ವಿವರವೂ ಬೇಕು. ಅಕ್ಷರ ಚೆಂದವೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜಾಣತನ ನೆತ್ತಿಗೇರಿತ್ತು. ಮಾತೇ ಇಲ್ಲದಿದ್ದರೆ ವಿವರ ಎಲ್ಲಿಯದು? ‘ಹೋಗಿ ಹಣ್ಣು ತಿಂದು ಬರುವ ತನಕ ನಮ್ಮಲ್ಲಿ ಯಾರೂ ಒಂದು ಮಾತೂ ಆಡುವುದಿಲ್ಲ’ ಎಂದು ಮುಚ್ಚಳಿಕೆ ಬರೆದೆ. ಠಾಣೆಯ ಅಮೀನರು ಓದಿ ಬಹಳ ಖುಷಿಪಟ್ಟು, ನಾವು ಮಾತಾಡದ್ದನ್ನು ನೋಡಿಕೊಳ್ಳಲು ಒಬ್ಬ ಜವಾನನನ್ನೇ ಜೊತೆಗೆ ಕಳಿಸಿಕೊಟ್ಟರು.

ಅಂಥ ಶಾಂತ ಪ್ರವಾಸವನ್ನು ನಾನು ಮತ್ತೆ ಕಂಡಿಲ್ಲ. ರೈಲಿನಲ್ಲಿ ಯಾರೂ ಕೆಮ್ಮಲಿಲ್ಲ. ತೋಟದಲ್ಲಿ ಸಜ್ಜೆ ರೊಟ್ಟಿ ಮುರಿಯುವ ಸದ್ದೇ ದೊಡ್ಡ ಸದ್ದು. ಕವಿತೆ ಓದದೆ ಒಂದು ಲೋಟ ಚಹಾ ಸಹ ಕುಡಿಯದ ಉಸ್ತಾದರು ಗಿಡಗಳನ್ನು ನೋಡುತ್ತ ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು. ನಮ್ಮ ಚಟ್ನಿ ನಮಗಿಂತ ಹೆಚ್ಚು ತಿಂದ ಜವಾನ ಟೊಪ್ಪಿಗೆ ಮುಖದ ಮೇಲೆ ಎಳೆದುಕೊಂಡು ರಾಜ್ಯ ಕಾಯತೊಡಗಿದ. ಹತ್ತು ನಿಮಿಷಕ್ಕೆ ಗೊರಕೆ ಬಂತು.

ನಾನು ಒಂದು ಹಣ್ಣನ್ನು ಅಂಗಿಯ ಚುಂಗಿನಲ್ಲಿ ಸುತ್ತಿ, ಕಚ್ಚಿ, ಉಳಿದರ್ಧವನ್ನು ಗೆಳೆಯನ ಮುಂದೆ ಹಿಡಿದೆ. ಅವನು ಹಣ್ಣು ನೋಡಲಿಲ್ಲ. ಅಂಗಿಯ ಚುಂಗು ನೋಡಿದ, ಮುಖ ತಿರುಗಿಸಿದ. ಹೊಸ್ತಿಲಲ್ಲಿ ನಿಂತ ಅತ್ತೆಗೂ ನಡುವೆ ಬಟ್ಟೆ ಹಿಡಿದ ನನಗೂ ವ್ಯತ್ಯಾಸವೇನೂ ಇಲ್ಲವೆಂದು ನನಗೆ ಆಗ ಹೊಳೆಯಿತು. ಎದ್ದು ನಿಂತೆ.

“ನಂದು ತಪ್ಪಾತು,” ಅಂದೆ. ಎರಡು ತಿಂಗಳು ಕೂಡಿಟ್ಟ ಮಾತು, ಬೇಕಿದ್ದದ್ದಕ್ಕಿಂತ ಜೋರಾಗಿ ಬಂತು. “ಅತ್ತಿ ಮ್ಯಾಲಿಂದ ನೀರು ಹಾಕ್ದಾಗ ನಾ ಬಾಯಿ ಮುಚ್ಕೊಂಡು ಕುಂತಿದ್ದೆ.”

ಜವಾನ ಧಡಕ್ಕನೆ ಎದ್ದ. “ಯಾವನಲೇ ಅಂವ, ಭಾಷಣ ಮಾಡಾಕತ್ತಾನ?”

“ಭಾಷಣ ಅಲ್ರೀ,” ಎಂದರು ಉಸ್ತಾದರು, ಬಾಯಿ ಬಿಡಲು ಸಿಕ್ಕ ಸಂತೋಷದಲ್ಲಿ. “ಹುಡುಗ ಮಾಫಿ ಕೇಳಾಕತ್ತಾನ.”

ಮಾಫಿ ಕೇಳಲು ಪರವಾನಗಿ ಬೇಕೋ ಬೇಡವೋ ಎಂಬುದು ಜವಾನನಿಗೆ ಗೊತ್ತಿರಲಿಲ್ಲ. ಗೆಳೆಯ ಒಂದು ಹಣ್ಣು ಕಿತ್ತು ಜೇಬಿಗೆ ಹಾಕಿಕೊಂಡ.

ಕೊಹೀರ್ ಸ್ಟೇಷನ್ನಿನಲ್ಲಿ ಜವಾನ ಒಂದು ಕಾಗದ ತೆಗೆದ. ಸಂಜೆಯೊಳಗೆ ವರದಿ ಮುಟ್ಟಿಸಬೇಕು, ಅವನಿಗೆ ಬರೆಯಲು ಬಾರದು. “ನೀವೇ ಬರೀರಿ. ಯಾರೂ ಏನೂ ಮಾತಾಡಿಲ್ಲ ಅಂತ ಬರದ್ರ ನಿಮಗೂ ಚಲೋ, ನನಗೂ ಚಲೋ.” ಉಸ್ತಾದರೂ ತಲೆಯಾಡಿಸಿದರು. ನನ್ನ ನಡತೆಯ ಸರ್ಟಿಫಿಕೇಟಿಗೆ ಆ ಠಾಣೆಯದೇ ಮೊಹರು ಬೇಕಿತ್ತು. ಲೇಖನಿ ತೆಗೆದು ‘ಯಾರೂ’ ಎಂದು ಬರೆದೆ.

ಪಕ್ಕದಲ್ಲಿ ಗೆಳೆಯ ಬಗ್ಗಿ ಓದುತ್ತಿದ್ದ. ಎರಡು ತಿಂಗಳ ಮೇಲೆ ಅವನ ದನಿ ಕೇಳಿಸಿತು. “ಹಂಗಾದ್ರ ನೀ ಇವತ್ತೂ ಏನೂ ಅಂದಿಲ್ಲೇನು?”

ಬರೆದದ್ದನ್ನು ಹೊಡೆದುಹಾಕಿದೆ. ‘ಒಬ್ಬ ಮಾತಾಡಿದ. ನೀರಿನ ವಿಷಯದಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡ’ ಎಂದು ಬರೆದು, ಕೆಳಗೆ ನನ್ನ ಹೆಸರು, ಮಾವನ ಮನೆಯ ವಿಳಾಸ ಹಾಕಿದೆ. ಏನು ಬರೆದಿದೆಯೆಂದು ಕೇಳದೆಯೇ ಜವಾನ ಹೆಬ್ಬೆಟ್ಟು ಒತ್ತಿದ. ಅಮೀನರೂ ಓದಿರಲಿಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ನನಗೆ ಸಿಕ್ಕ ಸರ್ಟಿಫಿಕೇಟಿನಲ್ಲಿ, ಈ ಹುಡುಗನದು ಮಾತು ಕಡಿಮೆ, ಸರ್ಕಾರಕ್ಕೆ ಇವನಿಂದ ತೊಂದರೆಯಿಲ್ಲ ಎಂದಿತ್ತು.

ಆದರೆ ಆ ಸಂಜೆ ರೈಲಿನಲ್ಲಿ ನನಗೆ ಅದೆಲ್ಲ ಗೊತ್ತಿರಲಿಲ್ಲ. ಠಾಣೆಗೆ ಎಳೆದೊಯ್ಯುತ್ತಾರೆಂದು ಹೆದರಿ ಕೂತಿದ್ದೆ. ಗೆಳೆಯ ಜೇಬಿನಿಂದ ಒಂದು ಜಾಮದ ಹಣ್ಣು ತೆಗೆದ. ಬಟ್ಟೆ ಸುತ್ತಲಿಲ್ಲ. ಹಾಗೇ ಕಚ್ಚಿ, ಉಳಿದದ್ದನ್ನು ನನ್ನ ಕೈಗಿಟ್ಟು, ಕಿಟಕಿಯ ಕಡೆ ನೋಡದೆ ನನ್ನನ್ನೇ ನೋಡುತ್ತ ಕೂತ. ನಾನು ತಿಂದೆ.