ಗಡಿಯಾರದ ಕೆಳಗೆ ನಿಂತ ಕಲೆರ್ವೊ

ಕಲೆರ್ವೊ ರೌತಿಯೊನ ಮನೆಗೆ ಯಾರೇ ಬಂದರೂ ಬೂಟು ಬಾಗಿಲಲ್ಲೇ ಬಿಡಬೇಕು. ಅಂಚೆಯವನಿರಲಿ, ಪಾದ್ರಿಯಿರಲಿ, ಅಮೆರಿಕದ ಅಧ್ಯಕ್ಷನಾಗಲು ಹೊರಟವನೇ ಇರಲಿ, ಎಲ್ಲರಿಗೂ ಒಂದೇ ಕಾನೂನು. ಈ ಕೊನೆಯ ಬಗೆಯವರೂ ಆ ಮನೆಗೆ ಸಾಕಷ್ಟು ಜನ ಬಂದಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಅಯೋವಾದ ಚಳಿಗಾಲದಲ್ಲಿ ಹಾಲ್ಟನ್ ಗ್ರೋವ್‌ನಂಥ ಪುಟ್ಟ ಊರಿನಲ್ಲೂ ಹಂದಿಗಳಷ್ಟೇ ಸಲೀಸಾಗಿ ಸೆನೆಟರುಗಳು ಸಿಗುತ್ತಾರೆ.

ಅವನು ಪಿಯಾನೋ ಶ್ರುತಿ ಮಾಡುವವನು. ಹುಟ್ಟಿದ್ದು ಫಿನ್‌ಲ್ಯಾಂಡಿನ ಒಂದು ಹಳ್ಳಿಯಲ್ಲಿ. ಪತ್ರಗೆಳತಿಯ ಮದುವೆಗೆಂದು ಅಲ್ಲಿಗೆ ಹೋಗಿದ್ದ ಡಾರ್ಲೀನ್, ಮದುವೆಮನೆಯ ಪಿಯಾನೋ ಸರಿಮಾಡಲು ಬಂದಿದ್ದ ಈ ಮೂಗನಂಥ ಮನುಷ್ಯನನ್ನು ಕಂಡು, ಮರುವರ್ಷ ಅವನನ್ನೇ ಕಟ್ಟಿಕೊಂಡು ಊರಿಗೆ ಬಂದಳು. ಡಾರ್ಲೀನ್ ಆಗ ಊರಿನ ಶಾಲೆಯಲ್ಲಿ ಅಡುಗೆಯವಳು. ಇಬ್ಬರಿಗೂ ಸೇರಿ ಆಗುವಷ್ಟು ಮಾತನ್ನು ಅವಳೊಬ್ಬಳೇ ಆಡುತ್ತಿದ್ದುದರಿಂದ ಸಂಸಾರ ಚೆನ್ನಾಗಿಯೇ ನಡೆಯಿತು.

ಬಂದ ಮೊದಲ ಚಳಿಗಾಲದಲ್ಲೇ ಅವನಿಗೆ ಈ ದೇಶದ ವಿಚಿತ್ರ ಗೊತ್ತಾಯಿತು. ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡ ಅಪರಿಚಿತನೊಬ್ಬ ಕೂತು ಮಾಂಸ-ಬೀನ್ಸಿನ ಚಿಲಿ ತಿನ್ನುತ್ತಿದ್ದ. ಜೊತೆಗೆ ದಾಲ್ಚಿನ್ನಿಯ ಸಿಹಿ ಬನ್ನು. ಈ ಎರಡನ್ನೂ ಒಟ್ಟಿಗೆ ತಿನ್ನುವವರು ಅಯೋವಾದವರನ್ನು ಬಿಟ್ಟರೆ ಅವರ ಓಟು ಬೇಕಾದವರು ಮಾತ್ರ. ಆತ ಎದ್ದು ಕೈ ಚಾಚಿದ.

"ನಾನು ಅಧ್ಯಕ್ಷ ಆಗ್ಬೇಕು ಅಂತಿದ್ದೀನಿ. ನಿಮ್ಮ ಬೆಂಬಲ ಬೇಕಿತ್ತು."

ಕಲೆರ್ವೊ ಅವನ ಕಾಲು ನೋಡಿದ. "ಬೂಟು ಬಿಚ್ಚಿ," ಎಂದ.

ಬಿಚ್ಚಿದಾಗ ಎಡಗಾಲಿನ ಹೆಬ್ಬೆರಳು ಕಾಲುಚೀಲದಿಂದ ಹೊರಗೆ ಇಣುಕುತ್ತಿತ್ತು. ಇಷ್ಟು ದೊಡ್ಡ ದೇಶ ಆಳಲು ಹೊರಟವನ ಹೆಬ್ಬೆರಳು! ಕಲೆರ್ವೊಗೆ ಅದೆಷ್ಟು ಕುತೂಹಲವಾಯಿತೆಂದರೆ, ಪಿಯಾನೋಗಳ ವಿವರ ಬರೆದಿಡುತ್ತಿದ್ದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ ರಾತ್ರಿಯೇ ಬರೆದುಕೊಂಡ: "ಕಪ್ಪು ಉಣ್ಣೆ. ಎಡಗಡೆ ತೂತು. ನಾಚಿಕೊಳ್ಳಲಿಲ್ಲ." ಅಲ್ಲಿಂದಾಚೆಗೆ ಮನೆಗೆ ಬಂದ ಒಬ್ಬ ಅಭ್ಯರ್ಥಿಯ ಕಾಲುಚೀಲವನ್ನೂ ಅವನು ಬಿಟ್ಟಿಲ್ಲ. ಭಾಷಣಗಳೆಲ್ಲ ಒಂದೇ ಥರ ಇರುತ್ತಿದ್ದವು, ಕಾಲುಚೀಲ ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಊರಿನವರು ನಗುತ್ತಿದ್ದರು. ಅವರಿಗೇನು, ಇದೆಲ್ಲ ಹುಟ್ಟಿದಾಗಿನಿಂದ ಕಂಡದ್ದು. "ಆ ಗವರ್ನರ್ ಹೇಗೆ?" ಎಂದು ಕೇಳಿದರೆ, "ಇನ್ನೂ ಏನೂ ಹೇಳಕ್ಕಾಗಲ್ಲಪ್ಪ, ಎರಡೇ ಸಲ ಸಿಕ್ಕಿದಾನೆ," ಎಂದು ಗಂಭೀರವಾಗಿ ಉತ್ತರಿಸುವ ಜನ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿಗೂ ಇಷ್ಟು ಬಿಗುಮಾನ ಇರುವುದಿಲ್ಲ.

ಆದರೆ ಕಲೆರ್ವೊನನ್ನು ಬೆಚ್ಚಿಬೀಳಿಸಿದ್ದು ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಆರಿಸುವ ಕಾಕಸ್ ಎಂಬ ಸಭೆ. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ, ಪರದೆ ಇಲ್ಲ. ಫೆಬ್ರವರಿಯ ಒಂದು ಸಂಜೆ ಏಳು ಗಂಟೆಗೆ ಪಕ್ಷದ ಜನರೆಲ್ಲ ಶಾಲೆಯ ಆಟದ ಕೋಣೆಯಲ್ಲಿ ಸೇರುತ್ತಾರೆ. ಈ ಅಭ್ಯರ್ಥಿಯ ಕಡೆಯವರು ಈ ಮೂಲೆಗೆ, ಆ ಅಭ್ಯರ್ಥಿಯ ಕಡೆಯವರು ಆ ಮೂಲೆಗೆ ಹೋಗಿ, ಅಕ್ಕಪಕ್ಕದ ಮನೆಯವರ ಕಣ್ಣೆದುರಿಗೇ ನಿಲ್ಲುತ್ತಾರೆ. ತಲೆ ಎಣಿಸುತ್ತಾರೆ. ನೂರಕ್ಕೆ ಹದಿನೈದು ಜನ ಇಲ್ಲದ ಗುಂಪು ಸತ್ತ ಹಾಗೆ. ಅದರಲ್ಲಿದ್ದವರು ಇನ್ನೊಂದು ಮೂಲೆಗೆ ಹೋಗಬಹುದು, ಇಲ್ಲವೇ ಮನೆಗೆ ಹೋಗಬಹುದು. ಉಳಿದ ಗುಂಪುಗಳಿಗೆ ಜಿಲ್ಲಾ ಸಭೆಗೆ ಪ್ರತಿನಿಧಿಗಳನ್ನು ಕಳಿಸುವ ಹಕ್ಕು.

ಅವನ ಹಳ್ಳಿಯಲ್ಲಿ ಇದನ್ನು ಯಾರಾದರೂ ಮಾಡಿದ್ದರೆ ಊರೇ ಎದ್ದು ಹೊರಗೆ ಹೋಗುತ್ತಿತ್ತು. ಅಲ್ಲಿ ಓಟು ಯಾರಿಗೆ ಎಂದು ಕೇಳುವುದೂ ಒಂದೇ, ಅಂತರ್ಯುದ್ಧದಲ್ಲಿ ನಿಮ್ಮ ಅಜ್ಜ ಯಾರ ಕಡೆ ಬಂದೂಕು ಹಿಡಿದಿದ್ದ ಎಂದು ಕೇಳುವುದೂ ಒಂದೇ. ಅವನ ಅಪ್ಪ-ಅಮ್ಮ ಒಳ್ಳೆಯ ಬಟ್ಟೆ ತೊಟ್ಟು ಜೊತೆಯಾಗಿ ಹೋಗಿ, ಬೇರೆಬೇರೆ ಓಟು ಹಾಕಿ, ಬರುವಾಗ ಅಂಗಡಿಯಲ್ಲಿ ಎದುರುಬದುರು ಕೂತು ಚುನಾವಣೆಯ ಕಾಫಿ ಕುಡಿಯುತ್ತಿದ್ದರು. ನಲವತ್ತು ವರ್ಷ ಹಾಗೇ ನಡೆಯಿತು, ಒಂದು ದಿನವೂ ಬಾಯಿಬಿಡಲಿಲ್ಲ. ಬೇರೆಬೇರೆ ಎನ್ನುವುದೂ ಕಲೆರ್ವೊನ ಊಹೆಯೇ.

ಮದುವೆಯಾದ ಹೊಸದರಲ್ಲಿ ಡಾರ್ಲೀನ್ ಒಮ್ಮೆ ಸುಮ್ಮನೆ ಕೇಳಿದ್ದಳು, ನಿನ್ನ ದೇಶದ ಚುನಾವಣೆಯಲ್ಲಿ ನಿನ್ನ ಓಟು ಯಾರಿಗೆ ಅಂತ. ಅವನು ಎರಡು ದಿನ ಮಾತೇ ಆಡಲಿಲ್ಲ. ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ಅವಳಿಗೆ ವ್ಯತ್ಯಾಸ ತಿಳಿಯಲು ಒಂದು ದಿನ ಬೇಕಾಯಿತು. ಮೂರನೆಯ ದಿನ ಅವಳೇ ಹೇಳಿದಳು: "ಆಯ್ತು ಕಣೋ. ಇನ್ಮೇಲೆ ಕೇಳಲ್ಲ. ಮಾತು ಕೊಟ್ಟೆ."

ಕೇಳಲೂ ಇಲ್ಲ. ಎಲ್ಲವನ್ನೂ ಎಲ್ಲರನ್ನೂ ಕೇಳುವ ಡಾರ್ಲೀನ್ ಅದೊಂದನ್ನು ಕೇಳಲಿಲ್ಲ.

ಅವಳದು ಇನ್ನೊಂದು ಕತೆ. ಪ್ರತಿ ಸಲವೂ ಯಾರೋ ಒಬ್ಬ ಅಭ್ಯರ್ಥಿಯನ್ನು ಮನಸ್ಸಿಗೆ ಹಚ್ಚಿಕೊಂಡು, ಅವರ ಗುಂಪಿನ ಮುಂದಾಳಾಗಿ, ಹಿಮದಲ್ಲಿ ಮನೆಮನೆ ಅಲೆಯುವವಳು. ಹಾಗೆ ನಾಲ್ಕು ಜನರನ್ನು ಹಚ್ಚಿಕೊಂಡಳು, ನಾಲ್ವರೂ ಹದಿನೈದು ಮುಟ್ಟದೆ ಮಣ್ಣು ಮುಕ್ಕಿದರು. ಅವಳ ಮೂಲೆಯಿಂದ ಇವತ್ತಿನವರೆಗೆ ಒಬ್ಬ ಪ್ರತಿನಿಧಿಯೂ ಹೋಗಿಲ್ಲ. "ಡಾರ್ಲೀನ್ ಕಾಲ್ಗುಣ ಕಣಯ್ಯಾ," ಎಂದು ಹಂದಿ ಸಾಕುವ ಡ್ವೇನ್ ಕ್ರೂಸ್ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. "ಯಾರನ್ನಾದ್ರೂ ಸೋಲಿಸ್ಬೇಕು ಅಂದ್ರೆ ಅವಳ ಮನೇಲಿ ಒಂದು ಊಟ ಹಾಕಿಸಿದ್ರೆ ಸಾಕು." ಡಾರ್ಲೀನ್ ಎಲ್ಲರ ಜೊತೆ ನಗುತ್ತಿದ್ದಳು. ಮನೆಗೆ ಬಂದು ಪಾತ್ರೆ ಜೋರಾಗಿ ತೊಳೆಯುತ್ತಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಕಲೆರ್ವೊ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತು ಪಾತ್ರೆ ಒರೆಸುತ್ತಿದ್ದ.

ಈ ಸಲ ಅವಳು ಹಚ್ಚಿಕೊಂಡದ್ದು ಸೆನೆಟರ್ ಹ್ಯಾಡ್ಲಿ ಎಂಬ ಹೆಂಗಸನ್ನು. ಡಿಸೆಂಬರಿನಲ್ಲಿ ಆಕೆ ಮನೆಗೆ ಬಂದು ಬೂಟು ಬಿಚ್ಚಿದರೆ ಒಂದು ಕಾಲುಚೀಲ ನೀಲಿ, ಒಂದು ಬೂದು. "ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಹಾಕ್ಕೊಂಡಿದ್ದು, ಈಗ ನೋಡ್ತಿದ್ದೀನಿ," ಎಂದು ತಾನೇ ನಕ್ಕಳು. ಕಣದಲ್ಲಿದ್ದ ಇನ್ನಿಬ್ಬರು ಒಬ್ಬ ಗವರ್ನರ್, ಒಬ್ಬ ಮೇಯರ್. ಗವರ್ನರನ ಕಾಲುಚೀಲದಡಿಯಲ್ಲಿ ಅಂಗಡಿಯ ಬೆಲೆಚೀಟಿ ಹಾಗೇ ಅಂಟಿಕೊಂಡಿತ್ತು. ಮೇಯರ್ ಬೂಟು ಬಿಚ್ಚಲೇ ಇಲ್ಲ. ಅವನ ಸಹಾಯಕ ಆಸ್ಪತ್ರೆಯವರು ಹಾಕಿಕೊಳ್ಳುವಂಥ ಪ್ಲಾಸ್ಟಿಕ್ ಚೀಲವನ್ನು ಬೂಟಿನ ಮೇಲೆಯೇ ತೊಡಿಸಿದ. ಮೂವರದ್ದೂ ನೋಟ್‌ಬುಕ್ಕಿನಲ್ಲಿ ದಾಖಲಾಯಿತು.

"ಇದೇ ಕೊನೆ," ಎಂದಳು ಡಾರ್ಲೀನ್ ಜನವರಿಯಲ್ಲಿ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಇನ್ನು ಯಾರ ಬಾಗಿಲೂ ತಟ್ಟಲ್ಲ."

ಈ ಸಲ ಇನ್ನೊಂದು ಹೊಸದಿತ್ತು. ಇಷ್ಟು ವರ್ಷ ನೋಡುಗರ ಕುರ್ಚಿಯಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತು ಎಲ್ಲವನ್ನೂ ಮೋಜಿನಿಂದ ನೋಡುತ್ತಿದ್ದ ಕಲೆರ್ವೊ ಹಿಂದಿನ ಬೇಸಿಗೆಯಲ್ಲಿ ಅಮೆರಿಕದ ಪ್ರಜೆಯಾಗಿದ್ದ. ಇನ್ನು ಅವನೂ ನಿಲ್ಲಬೇಕು. ಎಲ್ಲಿ ನಿಲ್ಲುತ್ತಾನೆ ಎಂದು ಡಾರ್ಲೀನ್ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕಾಕಸ್ ನಡೆದ ಸೋಮವಾರ ಸಂಜೆ ಆಟದ ಕೋಣೆಯ ಬಾಗಿಲಲ್ಲಿ ಅವನ ಕೈ ತಾನಾಗಿಯೇ ಕೆಲಸ ಮಾಡಿಬಿಟ್ಟಿತು: ಹಿಮ ಮೆತ್ತಿದ ಬೂಟನ್ನು ಬಿಚ್ಚಿ ಬದಿಗಿಟ್ಟು ಒಳಗೆ ನಡೆದ. ಅರವತ್ತು ಜನರಲ್ಲಿ ಬೂಟಿಲ್ಲದವನು ಅವನೊಬ್ಬನೇ. ಹಿಂತಿರುಗುವಷ್ಟರಲ್ಲಿ ಸಭೆಯ ಅಧ್ಯಕ್ಷ, ನಿವೃತ್ತ ಅಂಚೆಯವ ಮರ್ಲಿನ್ ಹೂಕ್‌ಸ್ಟ್ರಾ, ಬಾಗಿಲು ಹಾಕಿಸಿ ಧ್ವನಿವರ್ಧಕ ಹಿಡಿದಿದ್ದ.

"ನೋಡ್ರಪ್ಪಾ, ಫಿನ್‌ಲ್ಯಾಂಡಿನವನ ಬಲಗಾಲಲ್ಲಿ ತೂತು!" ಎಂದು ಕೂಗಿದ ಡ್ವೇನ್. "ಪುಸ್ತಕದಲ್ಲಿ ಬರ್ಕೊಳ್ಳಯ್ಯಾ ಇದನ್ನೂ!"

"ಬಂದಿರೋರು ಅರವತ್ತು," ಎಂದ ಮರ್ಲಿನ್. "ಒಂದು ಗುಂಪು ಉಳೀಬೇಕು ಅಂದ್ರೆ ಒಂಬತ್ತು ತಲೆ ಬೇಕು. ನಡೀರಿ, ನಿಮ್ನಿಮ್ಮ ಮೂಲೆಗೆ."

ಜನ ಚದುರಿದರು. ಕೂದಲು ಕತ್ತರಿಸುವ ಲೊರೇನ್ ಗವರ್ನರನ ಕಡೆಯವರನ್ನು ವೇದಿಕೆಯ ಬಳಿಗೆ ಕರೆದಳು. ಡ್ವೇನ್ ಮೇಯರನ ಕಡೆಯವರನ್ನು ಬಾಗಿಲ ಬಳಿಗೆ ಎಳೆದ. ಡಾರ್ಲೀನ್ ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಹ್ಯಾಡ್ಲಿಯ ಫಲಕ ಹಿಡಿದು ನಿಂತಳು. ಕಲೆರ್ವೊನ ಕಾಲು ಮಾತ್ರ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಎನಿಸಿ, ಕಿವಿ ಕೆಂಪಾಗಿ, ಹತ್ತಿರದಲ್ಲಿದ್ದ ಗಡಿಯಾರದ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡ. ಯಾರ ಕಣ್ಣಿಗೂ ಬೀಳದಿರಲು ಅದೇ ಸರಿಯಾದ ಜಾಗವೆಂದುಕೊಂಡಿದ್ದ. ಇಡೀ ಕೋಣೆ ಗಳಿಗೆಗೊಮ್ಮೆ ತಲೆಯೆತ್ತಿ ನೋಡುವ ಜಾಗ ಅದೊಂದೇ.

ಮರ್ಲಿನ್ ಎಣಿಸಿದ. ಗವರ್ನರ್ ಇಪ್ಪತ್ತೇಳು. ಮೇಯರ್ ಇಪ್ಪತ್ತನಾಲ್ಕು. ಹ್ಯಾಡ್ಲಿ ಎಂಟು. "ಇನ್ನು, ಗಡಿಯಾರದ ಕೆಳಗೆ ಒಂದು."

ಎಂಟು! ಡಾರ್ಲೀನ್ ತಾನೂ ಒಮ್ಮೆ ಎಣಿಸಿದಳು. ಎಂಟೇ.

"ಉಳಿದಿರೋ ಎರಡು ಗುಂಪಿನೋರು ಗುಂಪು ಬದಲಾಯಿಸೋ ಹಾಗಿಲ್ಲ," ಎಂದ ಮರ್ಲಿನ್. "ಹ್ಯಾಡ್ಲಿಯೋರಿಗೆ, ಆ ಬೂಟಿಲ್ದೋನಿಗೆ ಹದಿನೈದು ನಿಮಿಷ. ಆಮೇಲೆ ಮತ್ತೆ ಎಣಿಸ್ತೀನಿ."

ಹೇಳಿ ಮುಗಿಸುವಷ್ಟರಲ್ಲಿ ಕಲೆರ್ವೊನನ್ನು ಮುತ್ತಿಕೊಂಡರು. ಅವನಿಗೆ ಭಯದ ನಡುವೆಯೂ ಕುತೂಹಲ: ಇಷ್ಟು ವರ್ಷ ಬೇರೆಯವರಿಗೆ ಆಗುತ್ತಿದ್ದುದು ಈಗ ತನಗೇ ಆಗುತ್ತಿದೆ.

"ಕ್ಯಾಲ್, ನಮ್ಮ ಮೇಯರ್‌ಗೆ ಜೋಳದ ಬೆಲೆ ಬಾಯಲ್ಲೇ ಇದೆ ಕಣಯ್ಯಾ," ಎಂದ ಡ್ವೇನ್. ಊರಿನವರ ಬಾಯಲ್ಲಿ ಕಲೆರ್ವೊ ಕ್ಯಾಲ್ ಆಗಿಹೋಗಿದ್ದ.

"ನಾನು ಜೋಳ ಬೆಳೆಯಲ್ಲ," ಎಂದ ಕಲೆರ್ವೊ.

"ತಿಂತೀಯ ತಾನೇ?"

ಲೊರೇನ್ ಬಿಸ್ಕತ್ತಿನ ತಟ್ಟೆ ಹಿಡಿದು ನುಗ್ಗಿದಳು. "ಅವನ ಮಾತು ಬಿಡು. ಗವರ್ನರ್ ಕಡೆ ಬಾ, ಈ ವರ್ಷ ಪೂರ್ತಿ ನಿನ್ನ ಕೂದಲು ಪುಕ್ಕಟೆ ಕತ್ತರಿಸ್ತೀನಿ."

"ಲೊರೇನ್! ಲಂಚ ಇಲ್ಲ!" ಎಂದು ಧ್ವನಿವರ್ಧಕ ಕೂಗಿತು.

"ಲಂಚ ಅಲ್ಲ ಮರ್ಲಿನ್, ಕರುಣೆ. ಅವನ ತಲೆ ನೋಡು ಒಂದ್ಸಲ."

ಬರದವಳು ಒಬ್ಬಳೇ. ಡಾರ್ಲೀನ್ ಬುಟ್ಟಿಯ ಕೆಳಗೆ ಫಲಕವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತ ನಿಂತಿದ್ದಳು. ಅವಳ ಗುಂಪಿನ ಏಳು ಜನ ಅವಳನ್ನೊಮ್ಮೆ ಅವನನ್ನೊಮ್ಮೆ ನೋಡುತ್ತಿದ್ದರು. ಅವರಲ್ಲಿ ಎಂಬತ್ತಾರರ ಆರ್ಡಿಸ್ ಅಜ್ಜಿಗೆ ಕಿವಿ ಮಂದ, ಹಾಗಾಗಿ ಅವಳ ಪಿಸುಮಾತೂ ಇಡೀ ಕೋಣೆಗೆ ಕೇಳುತ್ತದೆ.

"ಡಾರ್ಲೀನ್, ನಿನ್ನ ಗಂಡ ಅಲ್ವೇನೇ ಅವನು? ಹೋಗಿ ಕೇಳೇ!"

"ಕೇಳಲ್ಲ."

"ಒಂದು ತಲೆ ಕಣೇ, ಒಂದೇ ಒಂದು! ಬಾಯಿಬಿಟ್ಟು ಕೇಳಕ್ಕೆ ನಿಂಗೇನು ರೋಗ?"

"ಕೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೀನಿ, ಆರ್ಡಿಸ್."

ಲೊರೇನ್ ಬಿಸ್ಕತ್ತಿನ ತಟ್ಟೆಯನ್ನು ಕೆಳಗಿಟ್ಟಳು. ಕಲೆರ್ವೊಗೆ ಅಮ್ಮ ನೆನಪಾದಳು. ಅಪ್ಪನ ಮಣ್ಣು ಮುಗಿಸಿದ ವಾರದಲ್ಲಿ ಫೋನಿನಲ್ಲಿ ಅವಳು ಹೇಳಿದ್ದಳು: "ನಲವತ್ತು ವರ್ಷ ಎದುರುಬದುರು ಕೂತು ಕಾಫಿ ಕುಡಿದ್ವಿ. ಅವರು ಯಾರ ಕಡೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ. ಒಂದ್ಸಲ ಕೇಳಬೇಕಿತ್ತು ಅನ್ಸತ್ತೆ ಕಣೋ." ಅವನು ಅದನ್ನು ಡಾರ್ಲೀನ್‌ಗೆ ಹೇಳಿರಲಿಲ್ಲ.

ಅವನು ಗೋಡೆ ಬಿಟ್ಟ. ಗಡಿಯಾರದಿಂದ ಬುಟ್ಟಿಯವರೆಗೆ ಇಪ್ಪತ್ತು ಹೆಜ್ಜೆ. ಕಾಲುಚೀಲದಲ್ಲಿ ನಡೆದರೆ ಸದ್ದಾಗುವುದಿಲ್ಲ, ಆದರೂ ಅರವತ್ತು ಜನ ಕೇಳಿಸಿಕೊಂಡರು. ಹೊರಬಂದ ಹೆಬ್ಬೆರಳಿಗೆ ನೆಲ ಮಂಜುಗಡ್ಡೆಯಂತಿತ್ತು. ನಾಚಿಕೆಯಾಗುತ್ತಿತ್ತು, ಬಹಳ. ಹಾಗೇ ನಡೆದ.

ಡಾರ್ಲೀನ್ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನಂಗೋಸ್ಕರ ಬರೋ ಹಾಗಿದ್ರೆ ಬರಬೇಡ, ಕ್ಯಾಲ್."

"ಯಾರಿಗೋಸ್ಕರ ಬಂದೆ ಅಂತ ಕೇಳ್ತಿದ್ದೀಯಾ?"

"ಇಲ್ಲಪ್ಪಾ. ಕೇಳ್ತಿಲ್ಲ."

"ಹಾಗಾದ್ರೆ ಎಣಿಸು."

ಅವಳು ಎಣಿಸಿದಳು. ಮರ್ಲಿನ್ ಎಣಿಸಿದ. ಆರ್ಡಿಸ್ ಅಜ್ಜಿ ಯಾರೂ ಕೇಳದಿದ್ದರೂ ಎಣಿಸಿದಳು. ಒಂಬತ್ತು. ಡ್ವೇನ್ ಕ್ರೂಸ್ ಟೋಪಿ ತೆಗೆದು ನೆಲಕ್ಕೆ ಬಡಿದ. ಆಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನೂ ಅವನೇ. ಡಾರ್ಲೀನ್ ಗಂಡನ ತೋಳಿಗೆ ಹಣೆ ಒತ್ತಿಕೊಂಡು ಎಲ್ಲರೆದುರಿಗೇ ಅತ್ತಳು.

ಗುಂಪು ಉಳಿಯಿತು ಎಂದರೆ ಪ್ರತಿನಿಧಿ ಬೇಕು. ಪ್ರತಿನಿಧಿ ಎಂದರೆ ಮಾರ್ಚ್ ತಿಂಗಳ ಒಂದು ಶನಿವಾರ ದಿನವಿಡೀ ಜಿಲ್ಲಾ ಕೇಂದ್ರದಲ್ಲಿ ಕೂತು ನಿಯಮಾವಳಿಗಳ ತಿದ್ದುಪಡಿಗೆ ಕೈ ಎತ್ತುವುದು. ಅಧ್ಯಕ್ಷರನ್ನು ಆರಿಸಲು ಹಿಮದಲ್ಲಿ ಬಂದ ಜನ ಆ ಶನಿವಾರಕ್ಕೆ ಮಾತ್ರ ಬರುವುದಿಲ್ಲ. ಒಬ್ಬರಿಗೆ ಮೊಮ್ಮಗಳ ಹುಟ್ಟುಹಬ್ಬ, ಒಬ್ಬರಿಗೆ ಹಲ್ಲು ಕೀಳಿಸುವುದಿತ್ತು. ಡಾರ್ಲೀನ್ ಹೋಗಬಹುದಿತ್ತು, ಆದರೆ ಅವಳು ಬಾಯಿ ತೆರೆಯುವ ಮೊದಲೇ ಆರ್ಡಿಸ್ ಅಜ್ಜಿ ಊರುಗೋಲು ಎತ್ತಿ ಕಲೆರ್ವೊ ಕಡೆ ತೋರಿಸಿದಳು. "ಇವನೇ ಹೋಗ್ಲಿ. ಅಡ್ಡ ಮಾತಾಡಲ್ಲ." ಉಳಿದ ಕೈಗಳೆಲ್ಲ ಮೇಲೆದ್ದವು. ಯಾರಿಗೆ ಓಟು ಎಂದು ಯಾರಿಗೂ ಹೇಳದ ಮನುಷ್ಯ ಹ್ಯಾಡ್ಲಿಯ ಹೆಸರಿನ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಮನೆಗೆ ಬಂದ.

ಒಂಬತ್ತನೆಯ ದಿನ ಸೆನೆಟರ್ ಹ್ಯಾಡ್ಲಿ ಸ್ಪರ್ಧೆಯಿಂದ ಹಿಂದೆ ಸರಿದಳು. ಸುದ್ದಿ ಬಂದಾಗ ಡಾರ್ಲೀನ್ ಬನ್ನಿಗೆ ಹಿಟ್ಟು ನಾದುತ್ತಿದ್ದಳು. "ನನ್ನ ಕಾಲ್ಗುಣ," ಎಂದಳು. ಆಮೇಲೆ ನಗು ತಡೆಯಲಾಗದೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಆ ದಿನ ಪಾತ್ರೆಗಳ ಸದ್ದಾಗಲಿಲ್ಲ.

ಇನ್ನು ಹೋಗಬೇಕಾಗಿಲ್ಲ ಎಂದು ಎಲ್ಲರೂ ಹೇಳಿದರು. ಕಲೆರ್ವೊ ಹೋದ. ಆರಿಸಿದ್ದಾರೆ, ಹೋಗಬೇಕು. ಮಾರ್ಚಿನ ಆ ಶನಿವಾರ ಫ್ಲಾಸ್ಕ್ ಹಿಡಿದು ಸಾಲಿನಲ್ಲಿ ನಿಂತಾಗ, ಹೆಸರು ಬರೆದುಕೊಳ್ಳುವ ಹುಡುಗಿ ಅವನ ಬಿಲ್ಲೆ ನೋಡಿ ಮುಖ ಸಣ್ಣದು ಮಾಡಿದಳು.

"ಅವ್ರು ಕಣದಲ್ಲೇ ಇಲ್ವಲ್ಲ ಸರ್. ಈಗ ನೀವು ಯಾರ ಕಡೆ ಅಂತ ಬರ್ಕೊಳ್ಳಲಿ?"

ಹಿಂದೆ ಸಾಲಿನಲ್ಲಿ ಮೂವತ್ತು ಜನ ಇದ್ದರು. ಎಲ್ಲರಿಗೂ ಕೇಳಿಸುತ್ತಿತ್ತು. ಕಲೆರ್ವೊ ಗಂಟಲು ಸರಿಮಾಡಿಕೊಂಡ.

"ಡಾರ್ಲೀನ್ ಕಡೆ."

ಹುಡುಗಿ ಪಟ್ಟಿಯ ಮೇಲೆ ಬೆರಳಾಡಿಸಿದಳು, ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು. "ಆ ಹೆಸರಿನೋರು ಯಾರೂ ಇಲ್ವಲ್ಲ ಸರ್ ಇದರಲ್ಲಿ."

"ಅದ್ರಲ್ಲಿಲ್ಲ," ಎಂದ ಕಲೆರ್ವೊ. "ಹೊರಗೆ ಕಾರಲ್ಲಿ ಕೂತಿದ್ದಾಳೆ. ಕಾಫಿ ತಗೊಂಡು ಹೋಗ್ಬೇಕು, ಬೇಗ ಬರ್ಕೊಳಮ್ಮಾ."