ಗೌರಕ್ಕನ ತಗ್ಗು ಬೋರ್ಡು

ಸೋಮವಾರಪೇಟೆಯಲ್ಲಿ ಗೌರಕ್ಕನ ಅಂಗಡಿಗೆ ಬರುವವರು ಯಾರೇ ಆಗಲಿ, ತಲೆ ಬಗ್ಗಿಸಲೇಬೇಕಿತ್ತು. ‘ಗೌರಿ ರೇಡಿಯೋ ರಿಪೇರಿ’ ಎಂಬ ತಗಡಿನ ಬೋರ್ಡನ್ನು ಅವಳು ಬಾಗಿಲಿಗೆ ಅಡ್ಡವಾಗಿ, ತನ್ನ ಎತ್ತರಕ್ಕೆ ಸರಿಯಾಗಿ, ತಾನೇ ಸ್ಕ್ರೂ ಹಾಕಿ ನಿಲ್ಲಿಸಿದ್ದಳು. ಅವಳೋ ಕುಳ್ಳಿ. ಹಣೆಗೆ ತಗುಲಿಸಿಕೊಂಡವರು ಗೊಣಗಿದರೆ, ಮಾಡುತ್ತಿದ್ದ ಕೆಲಸದಿಂದ ಕಣ್ಣೆತ್ತದೆ, “ಇಷ್ಟು ದೊಡ್ಡಕ್ಷರ ಕಾಣ್ಲಿಲ್ವಾ? ಬಗ್ಗಿ ಬನ್ನಿ” ಎನ್ನುವಳು.

ಮಕ್ಕಳೇ, ಅವಳು ನನ್ನ ಗಂಡನ, ಅಂದರೆ ನಿಮ್ಮ ತಾತನ ಅಕ್ಕ. ತಾತ ತೀರಿಕೊಂಡ ಮೇಲೆ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಾಲ್ಕು ಜನರೆದುರು ನನಗೆ ಮೊದಲಿನಿಂದಲೂ ಬಾಯಿ ಬಾರದು. ಊರ ಶಾಲೆಯಲ್ಲಿ ಹಾಜರಿ ಕೂಗಿದರೂ ಕೈ ಮಾತ್ರ ಎತ್ತುತ್ತಿದ್ದೆ. ಗೌರಕ್ಕ ಒಂದು ಬೆಳಿಗ್ಗೆ ಬಂದವಳೇ, “ಮೂಲೆ ನೋಡ್ಕೊಂಡು ಕೂತ್ರೆ ನೀನೂ ಮೂಲೆನೇ ಆಗ್ತೀಯ ಕಣೆ ಸುಮಿತ್ರಾ. ನಡಿ, ಸ್ಕ್ರೂ ಹೆಕ್ಕೋಕೆ ಜನ ಬೇಕು” ಎಂದು ಅಂಗಡಿಗೆ ಎಳೆದುಕೊಂಡು ಹೋದಳು.

ರೇಡಿಯೋ ಕಾಲ ಮುಗಿದಾಗ ಅವಳು ಟಿ.ವಿ. ಕಲಿತಳು, ಆಮೇಲೆ ಮಿಕ್ಸಿ. ಅರವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಂಪ್ಯೂಟರನ್ನೂ ಕಲಿತಳು. ಬೋರ್ಡಿನ ಹೆಸರು ಮಾತ್ರ ಬದಲಾಯಿಸಲಿಲ್ಲ.

ಒಂದು ಮಳೆಗಾಲ, ಕಾಫಿ ತೋಟದವರ ಮಗಳು ದೀಪ್ತಿ ಗೇಮಿಂಗ್ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ತರಿಸಿ, ಜೋಡಿಸಿಕೊಡಿ ಎಂದು ಗೌರಕ್ಕನಿಗೆ ಒಪ್ಪಿಸಿದಳು. ಪಕ್ಕದ ಕಂಪ್ಯೂಟರ್ ಅಂಗಡಿಯ ಪ್ರಸನ್ನನಿಗೆ ಸಹಿಸಲಾಗಲಿಲ್ಲ. ಬಾಗಿಲ ಹೊರಗೇ ನಿಂತು, “ರೇಡಿಯೋ ತಿರುವಿದ ಹಾಗಲ್ಲ ಗೌರಕ್ಕ. ದೊಡ್ಡ ಗೇಮ್ ಹಾಕಿದ್ರೆ ಹತ್ತು ನಿಮಿಷಕ್ಕೆ ಮಲಗ್ತದೆ” ಎಂದ.

“ಸಂತೆ ದಿನ ಬಾ. ಎಲ್ರೆದುರಿಗೇ ಆಡಿಸ್ತೀನಿ. ಒಂದು ಗಂಟೆ ನಿಲ್ದಿದ್ರೆ ಬೋರ್ಡು ಇಳಿಸಿ ಅಂಗಡಿ ಮುಚ್ತೀನಿ. ಏಣಿ ನೀನೇ ತಾ.”

“ಈ ಬೋರ್ಡಿಗೆ ಏಣಿ ಯಾಕಕ್ಕ? ಸ್ಟೂಲ್ ಸಾಕು.”

ಜೋಡಿಸುವ ದಿನ ಅವಳು ಪ್ರತಿ ಭಾಗ ಹಿಡಿಯುವ ಮೊದಲೂ ಕಬ್ಬಿಣದ ಷಟರನ್ನು ಮುಟ್ಟುತ್ತಿದ್ದಳು, ಮೈಯ ಕರೆಂಟು ಇಳಿಯಲಿ ಎಂದು. ಪ್ರೊಸೆಸರಿನ ಬಿಸಿ ಎಳೆಯುವ ಫ್ಯಾನಿಗೆ ತಾಮ್ರದ ತಳವಿತ್ತು. ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು ಬದಿಗಿಟ್ಟು ಊಟಕ್ಕೆ ಹೋದಳು. ನಾನೊಬ್ಬಳೇ ಇದ್ದೆ. ಹೊರಗೆ ಜಡಿಮಳೆ. ಬೆಂಕಿಪೆಟ್ಟಿಗೆಯೂ ಹಸಿಯಾಗುವ ಕಾಲ. ನಮ್ಮ ಮನೆಗಳಲ್ಲಿ ಹೊಸ ರಿಮೋಟಿನ ಕವರನ್ನು ವರ್ಷಗಟ್ಟಲೆ ತೆಗೆಯುವುದಿಲ್ಲ, ಫ್ರಿಜ್ಜಿನ ಹಿಡಿಕೆಯ ಕವರನ್ನೂ ಹಾಗೇ ಬಿಡುತ್ತೇವೆ. ಇಷ್ಟು ಚೆಂದದ ತಾಮ್ರ ಕಿಲುಬು ಹಿಡಿದೀತೆಂದು ಆ ಹಾಳೆಯನ್ನು ಸುಕ್ಕಿಲ್ಲದಂತೆ ಮತ್ತೆ ಅಂಟಿಸಿದೆ. ಗೌರಕ್ಕ ಬಂದು ಫ್ಯಾನನ್ನು ಹಾಗೇ ಕೂರಿಸಿದಳು. ನೀರಿನಂತೆ ತಿಳಿಯಾದ ಹಾಳೆ, ಕಾಣುವುದೆಲ್ಲಿಂದ?

ಸಂತೆ ದಿನ ಅಂಗಡಿ ತುಂಬ ಜನ. ದೀಪ್ತಿ ಹಾಕಿದ್ದು ಕುದುರೆ ಏರಿ ಕಾಡಿನಲ್ಲಿ ಓಡುವ ಆಟ. ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಅಲುಗುತ್ತಿತ್ತು. ಅಷ್ಟನ್ನೂ ತೋರಿಸಲು ಕಂಪ್ಯೂಟರ್ ಎಷ್ಟು ದುಡಿಯಬೇಕೋ. ಕುದುರೆ ಮೊದಲ ಹೊಳೆ ದಾಟುವಷ್ಟರಲ್ಲಿ ಎಲ್ಲ ಕಪ್ಪಾಯಿತು. ಮತ್ತೆ ಹಾಕಿದರೂ ಅದೇ.

“ಒಳಗೆ ಬಿಸಿ ಸಿಕ್ಕಾಕೊಂಡದೆ” ಎಂದಳು ಗೌರಕ್ಕ.

“ಮಾತು ಅಂದ್ರೆ ಮಾತು” ಎಂದು ಪ್ರಸನ್ನ ಸ್ಟೂಲು ಇಟ್ಟ.

ಅವಳು ಸೀರೆ ಎತ್ತಿ ಕಟ್ಟಿ, ಸ್ಟೂಲು ಹತ್ತಿ, ಬೋರ್ಡಿನ ಎಡಗಡೆಯ ಸ್ಕ್ರೂ ತಿರುಗಿಸತೊಡಗಿದಳು. ನನಗೆ ಆಗಲೇ ಆ ಹಾಳೆಯ ಮೇಲೆ ಅನುಮಾನ ಹುಟ್ಟಿತ್ತು. ಸ್ಕ್ರೂ ಅರ್ಧ ಹೊರಗೆ ಬಂತು.

“ಪ್ಲಾಸ್ಟಿಕ್ಕು,” ಎಂದೆ. ಎಲ್ಲರೂ ತಿರುಗಿದರು. “ತಾಮ್ರದ ಮೇಲೆ. ನೀವು ಊಟಕ್ಕೆ ಹೋದಾಗ ನಾನೇ ವಾಪಸ್ ಅಂಟಿಸ್ದೆ, ಅಕ್ಕ.”

ಗೌರಕ್ಕ ಇಳಿದು ಫ್ಯಾನ್ ಬಿಚ್ಚಿದಳು. ಬಿಸಿ ತಾಮ್ರಕ್ಕೆ ದಾಟದಂತೆ ತಡೆದ ಹಾಳೆ ಅಲ್ಲೇ ಇತ್ತು.

“ತಪ್ಪು ನಿಮ್ಮ ಅಂಗಡೀದೇ ಅಲ್ವಾ?” ಎಂದು ಪ್ರಸನ್ನ ನಕ್ಕ.

“ಹೌದಪ್ಪ. ನೋಡ್ದೆ ಕೂರಿಸಿದ ಕೈ ನಂದು” ಎಂದಳು. “ಆದ್ರೆ ಬೋರ್ಡು ಇನ್ನೂ ಮೇಲದೆ. ಈಗಿಂದ ಗಂಟೆ ನೋಡು.”

ಹಾಳೆ ಕಿತ್ತು, ಬಿಸಿ ದಾಟಿಸುವ ಹಳೆಯ ಪೇಸ್ಟು ಒರೆಸಿ, ಹೊಸದು ಹಚ್ಚಿ, ಮತ್ತೆ ಕೂರಿಸಿದಳು. ಕುದುರೆ ಹೊಳೆ ದಾಟಿತು, ಗುಡ್ಡ ಹತ್ತಿತು. ಗಂಟೆ ಮುಗಿದಾಗ ದೀಪ್ತಿ ನಿಲ್ಲಿಸಹೋದಳು. ಗೌರಕ್ಕ ಬಿಡಲಿಲ್ಲ. “ಓಡ್ಲಿ ಮಗಾ, ನಿಂತು ನೋಡೋ ಪ್ರಸನ್ನನ ಕಾಲು ನೋಯೋವರೆಗೂ ಓಡ್ಲಿ.” ಸಂತೆಯವರು ಟಾರ್ಪಾಲು ಮಡಚುವವರೆಗೂ ಓಡಿತು.

ನನ್ನನ್ನು ಬೈಯುವಳೆಂದು ಕಾದೆ. ಷಟರು ಎಳೆಯುತ್ತಾ, “ನಾಳೆಯಿಂದ ಗಿರಾಕಿ ಹತ್ರ ಮಾತಾಡೋದು ನೀನೇ” ಎಂದಳು, ಅಷ್ಟೆ.

ಹೋದ ವರ್ಷ ಅವಳು ತೀರಿಕೊಂಡಳು. ತಿಥಿ ಮುಗಿದ ಮಾರನೆಯ ದಿನ ಅಂಗಡಿ ತೆರೆದೆ. ಪ್ರಸನ್ನ ಅದೇ ಸ್ಟೂಲು ಹಿಡಿದು ಬಂದ. ಕೆಟ್ಟ ಮನಸ್ಸಿನಿಂದಲ್ಲ. “ಸುಮಿತ್ರಮ್ಮ, ಇನ್ನು ಬೋರ್ಡು ಯಾಕೆ? ಎಲ್ಲರ ತಲೆಗೂ ತಾಗ್ತದೆ. ಇಳಿಸಿಕೊಡ್ತೀನಿ.”

ಎಡಗಡೆಯ ಸ್ಕ್ರೂ ಅಂದಿನಿಂದಲೂ ಅರ್ಧ ಹೊರಗೇ ಇತ್ತು. ಸ್ಟೂಲನ್ನು ಅವನ ಕೈಯಿಂದ ತೆಗೆದುಕೊಂಡು ಹತ್ತಿದೆ. ಆ ಸ್ಕ್ರೂವನ್ನು ಇನ್ನು ತಿರುಗದು ಎನ್ನುವಷ್ಟು ಬಿಗಿ ಮಾಡಿದೆ. ಇಳಿದು, ಸ್ಟೂಲನ್ನು ಒಳಗೆ ತಂದಿಟ್ಟು, ಗೌರಕ್ಕನ ಜಾಗದಲ್ಲಿ ಕೂತೆ.

“ನಿನ್ನ ಸ್ಟೂಲು ಇಲ್ಲೇ ಅದೆ,” ಎಂದೆ. “ಬೇಕಾದ್ರೆ ಬಗ್ಗಿ ಬಾ.”