ದೊಡ್ಡಮ್ಮನ ಸೀಮೆಎಣ್ಣೆ ಡಬ್ಬ

ಮೊಮ್ಮಗಳು ಸದ್ದು ಬಂದ್ ಮಾಡಿಕೊಂಡು ಮೊಬೈಲಿನಲ್ಲಿ ಆಡುತ್ತಿದ್ದಾಳೆ. ಕತ್ತಿ ಹಿಡಿದ ಹುಡುಗಿಯೊಬ್ಬಳು ಪಾಳುಕೋಟೆಯಲ್ಲಿ ಅಲೆಯುವ ಆಟ. ನಿನ್ನೆ ಶತ್ರು ಹತ್ತಿರ ಬಂದಾಗಲೆಲ್ಲ ನಗಾರಿ ಮೊಳಗುತ್ತಿತ್ತು, ಜೊತೆಗೆ ನನ್ನ ಎದೆಯೂ ಬಡಿದುಕೊಳ್ಳುತ್ತಿತ್ತು. ಇವತ್ತು ಆ ಹುಡುಗಿ ಬರೀ ಬೊಂಬೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಚಿಕ್ಕವಳಿದ್ದಾಗ, ನಗರ ಎಂಬ ನಮ್ಮೂರಿನ ಹಳೇ ಕೋಟೆಯಲ್ಲಿ ನಾನೂ ರಾಣಿಯಾಗಿದ್ದೆ. ಪಕ್ಕದ ನಮ್ಮ ಬಾಳೆತೋಟಕ್ಕೆ ಮಂಗ ಬಂದರೆ ದೊಡ್ಡಮ್ಮ ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದರು. ಆ ಸದ್ದಿಗೆ ಮಕ್ಕಳಾದ ನಮ್ಮ ಯುದ್ಧದಾಟ ಶುರುವಾಗುತ್ತಿತ್ತು. ಸದ್ದು ನಿಂತರೆ ಕೈಯಲ್ಲಿದ್ದ ಕತ್ತಿ ಮತ್ತೆ ಕೋಲಾಗುತ್ತಿತ್ತು.

ಒಂದು ಮಧ್ಯಾಹ್ನ ಮಂಗಗಳ ಸುಳಿವೇ ಇಲ್ಲ. ನಾನು ಹಟ ಹಿಡಿದೆ.

"ಒಂಚೂರು ಬಡೀರಿ ದೊಡ್ಡಮ್ಮ, ಯುದ್ಧ ನಿಂತೋಗಿದೆ."

"ನಿಂದೊಳ್ಳೆ ಕತೆ ಮಾರಾಯ್ತಿ," ಎಂದು ಬೈಯುತ್ತಲೇ ಬಡಿದರು. ನಾನು ಕೋಟೆಗೋಡೆ ಹತ್ತಿದೆ.

ಡಬ್ಬದ ಸದ್ದು ಕೇಳಿದರೆ ಮಂಗ ಓಡಿಸಲು ನೆರೆಯವರೂ ಬರುವುದು ನಮ್ಮಲ್ಲಿ ರೂಢಿ. ಅದು ಇಬ್ಬರಿಗೂ ಮರೆತೇ ಹೋಗಿತ್ತು. ಪಕ್ಕದ ಮನೆಯ ಗೌಡರು ಊಟ ಬಿಟ್ಟೆದ್ದು, ಎಂಜಲು ಕೈಯಲ್ಲೇ ಕೋವಿ ಹಿಡಿದು ಏದುಸಿರು ಬಿಡುತ್ತಾ ಬಂದರು.

"ಮಂಗ ಎಲ್ಲಿ ಅಕ್ಕಾ?"

ನಾವು ಸುಳ್ಳು ಹೇಳಿದರೆ ಬೆನ್ನಿಗೆ ಬಾರಿಸುತ್ತಿದ್ದ ದೊಡ್ಡಮ್ಮ ಒಮ್ಮೆ ನನ್ನತ್ತ ನೋಡಿದರು.

"ಈಗಷ್ಟೇ ಹೋದ್ವು ಗೌಡ್ರೇ."

ಅವರು ತಿರುಗಿ ಹೋದ ಮೇಲೆ, ಇನ್ನೂ ಗೋಡೆಯ ಮೇಲೇ ನಿಂತಿದ್ದ ನನಗಾಗಿ, ಬೆರಳ ತುದಿಯಿಂದ ಮೆಲ್ಲಗೆ ಡಬ್ಬ ಬಡಿಯತೊಡಗಿದರು.

"ಸೌಂಡ್ ಯಾಕೆ ಬಂದ್ ಮಾಡಿದ್ಯೇ?" ಎಂದು ಈಗ ಮೊಮ್ಮಗಳನ್ನು ಕೇಳುತ್ತೇನೆ.

"ನಿಂಗೆ ಕಿರಿಕಿರಿ ಆಗತ್ತೆ ಅಂತ, ಅಜ್ಜಿ."

"ಹಾಕು ಮಾರಾಯ್ತಿ. ಇಲ್ಲಾಂದ್ರೆ ನಾನೇ ಡಬ್ಬ ತರ್ತೀನಿ."